ಬೆಲೆ: ಸ್ವಾಧ್ಯಾಯ

ನನ್ನ ತವರಿನಿಂದ ಬಂದ ತಿಜೋರಿಯಲ್ಲಿ ನನ್ನ ಸೀರೆಗಳಿಗೇ ಜಾಗ ಇರಲಿಲ್ಲ. ಅಪ್ಪ ನಿಪ್ಪಾಣಿಯಿಂದ ಟ್ರ್ಯಾಕ್ಟರಿನಲ್ಲಿ ಹೇರಿ ಕಳಿಸಿದ ಹಸಿರು ಬಣ್ಣದ ಕಬ್ಬಿಣದ ತಿಜೋರಿ ಅದು, ಬಟ್ಟೆಬರೆ ಇಡುವ ಬೀರು. ಚಿಕ್ಕೋಡಿಯ ನಮ್ಮ ಮನೆಯೊಳಗೆ ಬಂದ ವಾರದಲ್ಲೇ ಅದರ ಖಾನೆಗಳನ್ನೆಲ್ಲ ನಮ್ಮ ಮನೆಯವರ ಪುಸ್ತಕಗಳು ಹಿಡಿದು ಕೂತವು. ನನ್ನ ಸೀರೆಗಳು ಟ್ರಂಕಿಗೆ ಹೋದವು. ಮನೆಯವರ ಹೆಸರು ಪಾರಿಸ. ಗಂಡನ ಹೆಸರನ್ನು ಬಾಯಿಂದ ಆಡುವುದು ನಮ್ಮ ಕಡೆ ವಾಡಿಕೆಯಲ್ಲ. ಬರೆಯುವುದಕ್ಕೆ ಅಡ್ಡಿಯಿಲ್ಲ ಎಂದುಕೊಂಡಿದ್ದೇನೆ.

ಅವರದು ಅರಿವೆ ಅಂಗಡಿ. ದಿನವಿಡೀ ಬಟ್ಟೆ ಅಳೆದು, ಅಂಚಿಗೆ ಕತ್ತರಿ ತಾಗಿಸಿ, ಚರ್ರನೆ ಹರಿದು ಕೊಡುವ ಕೈ. ಸಂಜೆ ಮನೆಗೆ ಬಂದು ಕಾಲು ತೊಳೆದು ತಿಜೋರಿ ತೆರೆದರೆ ಅದೇ ಕೈ ಹಸುಗೂಸನ್ನು ಎತ್ತಿಕೊಳ್ಳುವ ಕೈಯಾಗುತ್ತಿತ್ತು. ಒಂದೊಂದು ಪುಸ್ತಕಕ್ಕೂ ಅಂಗಡಿಯ ತುಂಡು ಬಟ್ಟೆಯ ಸುತ್ತು. ಬಿಚ್ಚುವುದು, ಹಾಳೆಯ ಮೇಲೆ ಬೆರಳಾಡಿಸುವುದು, ಮೂಸುವುದು, ಮತ್ತೆ ಸುತ್ತಿ ಇಡುವುದು. ಓದುವುದು ಮಾತ್ರ ಇಲ್ಲ.

ಓದದಿರುವುದಕ್ಕೂ ಒಂದು ಕಾರಣವಿತ್ತು. ಅವೆಲ್ಲ ಅಥಣಿಯ ಗಂಗಾರಾಮ ಎಂಬ ಮುದ್ರಕ ಅಚ್ಚು ಹಾಕಿದ ಕವಿತೆಯ ಪುಸ್ತಕಗಳು. ಗಂಗಾರಾಮನದು ಕಾಲಲ್ಲಿ ತುಳಿಯುವ ಒಂದೇ ಮಷಿನ್ನಿನ ಸಣ್ಣ ಪ್ರೆಸ್ಸು, ಹೊಟ್ಟೆಪಾಡು ಲಗ್ನಪತ್ರಿಕೆಯದು. ಲಗ್ನದ ಸುಗ್ಗಿ ಮುಗಿದ ಮೇಲೆ ಉಳಿದ ಗುಲಾಬಿ, ಹಳದಿ, ತಿಳಿನೀಲಿ ಹಾಳೆಗಳ ಮೇಲೆ ಸುತ್ತಲಿನ ಊರಿನ ಯಾರದಾದರೂ ಕವಿತೆಗಳನ್ನು ತನ್ನ ಖುಷಿಗೆ ಅಚ್ಚು ಮಾಡುತ್ತಿದ್ದ. ಬಣ್ಣದ ಹಾಳೆ ಎಷ್ಟು ಉಳಿದಿದೆಯೋ ಅಷ್ಟೇ ಪ್ರತಿ. ಆಮೇಲೆ ಅಚ್ಚಿನ ಅಕ್ಷರದ ಮೊಳೆಗಳನ್ನು ಬಿಚ್ಚಿ ಮುಂದಿನ ಲಗ್ನಪತ್ರಿಕೆಗೆ ಜೋಡಿಸಿಬಿಡುತ್ತಿದ್ದ, ಹಾಗಾಗಿ ಎರಡನೆಯ ಸಲ ಅಚ್ಚಾಗುವ ಮಾತೇ ಇರಲಿಲ್ಲ. ಅವನ ಹತ್ತಿರ ಹಾಳೆಯ ಅಂಚು ಕತ್ತರಿಸುವ ಯಂತ್ರವೂ ಇರಲಿಲ್ಲ. ದೊಡ್ಡ ಹಾಳೆಯನ್ನು ಮಡಚಿ ದಾರದಿಂದ ಹೊಲಿದರೆ ಪುಸ್ತಕವಾಯಿತು. ಪುಟಗಳು ತಲೆಯ ಕಡೆ ಒಂದಕ್ಕೊಂದು ಕೂಡಿಕೊಂಡೇ ಇರುತ್ತಿದ್ದವು. ಓದುವವರು ಚಾಕುವಿನಿಂದ ಸೀಳಿಕೊಂಡು ಓದಬೇಕು.

ನಮ್ಮವರು ಸೀಳುತ್ತಿರಲಿಲ್ಲ. "ಅಂಗಡ್ಯಾಗ ಹರದ ಅರಿವಿ ಯಾರೂ ತಿರುಗಿ ತಗೊಳ್ಳೂದಿಲ್ಲ ಸುಗಂಧಾ. ಒಮ್ಮೆ ಸೀಳಿದ್ರ ಮುಗೀತು," ಎನ್ನುತ್ತಿದ್ದರು. ತೀರ ಆಸೆಯಾದರೆ ಮಡಿಕೆಯನ್ನು ಕೊಂಚ ಅಗಲಿಸಿ, ಒಂದು ಕಣ್ಣು ಮುಚ್ಚಿ, ಬಾವಿ ಇಣುಕಿದ ಹಾಗೆ ಒಳಗೆ ಇಣುಕುತ್ತಿದ್ದರು. ಅದನ್ನು ನೋಡಿದಾಗಲೆಲ್ಲ ನನಗೆ ನಗು ಬರುತ್ತಿತ್ತು, ಅದರ ಬೆನ್ನಿಗೇ ಸಿಟ್ಟು ಬರುತ್ತಿತ್ತು.

ಸಿಟ್ಟು ಯಾಕೆಂದರೆ, ನನಗೆ ಕನ್ನಡ ಓದಲು ಬರುತ್ತಿರಲಿಲ್ಲ. ನಿಪ್ಪಾಣಿಯಲ್ಲಿ ಕಲಿತದ್ದು ಮರಾಠಿ ಶಾಲೆಯಲ್ಲಿ. ಮನೆಯ ಮಾತು ಕನ್ನಡ, ಅಕ್ಷರ ಮರಾಠಿ. ನನ್ನ ಗಂಡ ಇಷ್ಟು ಜೀವ ಇಟ್ಟುಕೊಂಡ ವಸ್ತುವಿನ ಒಳಗೆ ಏನಿದೆ ಎಂದು ನನಗೆ ತಿಳಿಯುವ ದಾರಿಯೇ ಇರಲಿಲ್ಲ. ಅವರು ಒಂದು ಸಂಜೆಯಾದರೂ ನನ್ನ ಪಕ್ಕ ಕೂತು ಒಂದು ಪುಸ್ತಕವನ್ನು ಓದಿ ಹೇಳಲಿ ಎಂದು ನನಗೆ ಆಸೆ ಇತ್ತು. ಬಂಗಾರ ಕೇಳಿದ್ದರೆ ಹೇಗೋ ಮಾಡಿಸಿಕೊಡುತ್ತಿದ್ದರೇನೋ, ಇದನ್ನು ಕೇಳಿದರೆ, "ನೋಡೂಣು" ಎಂದು ತಿಜೋರಿ ಮುಚ್ಚುತ್ತಿದ್ದರು.

ಗಂಗಾರಾಮನ ಪುಸ್ತಕಗಳಲ್ಲಿ ಒಂದು ಮಾತ್ರ ಅವರಿಗೆ ಸಿಕ್ಕಿರಲಿಲ್ಲ. ಶೇಡಬಾಳದ ಚಂದ್ರಮತಿ ಎಂಬ ಹೆಣ್ಣುಮಗಳದು, ಹೆಸರು 'ಉಳಿದ ಹಿಟ್ಟಿನ ರೊಟ್ಟಿ'. ಆಕೆ ಅದನ್ನು ಮಾರಲು ಮಾಡಿಸಿದ್ದಲ್ಲ. ನಮ್ಮ ಜೈನರಲ್ಲಿ ವ್ರತ ಹಿಡಿದವರು ಅದನ್ನು ಮುಗಿಸುವ ದಿನ ಬಂದವರಿಗೆ ಶಾಸ್ತ್ರದಾನ ಮಾಡುತ್ತಾರೆ, ಎಂದರೆ ಪುಸ್ತಕ ಹಂಚುತ್ತಾರೆ. ಎಲ್ಲರೂ ಸ್ತೋತ್ರದ ಪುಸ್ತಕ ಹಂಚಿದರೆ ಈಕೆ ತಾನೇ ಬರೆದ ಕವಿತೆಗಳನ್ನು ಅಚ್ಚು ಹಾಕಿಸಿ ಹಂಚಿದ್ದಳು. ಅದಾದ ಮರುವರ್ಷ ತೀರಿಕೊಂಡಳು. ಒಂದು ಪ್ರತಿ ಗಂಗಾರಾಮನ ಬಳಿಯೂ ಉಳಿದಿರಲಿಲ್ಲ. ಖಾಲಿ ಇದ್ದ ಆ ಜಾಗದಲ್ಲಿ ನಮ್ಮವರು ಅದೇ ಅಳತೆಯ ಬಟ್ಟೆಯೊಂದನ್ನು ಮಡಚಿ ಇಟ್ಟಿದ್ದರು. ಅಲ್ಲಿ ನನ್ನದೊಂದು ರವಿಕೆ ಇಡುತ್ತೇನೆಂದರೂ ಬಿಡಲಿಲ್ಲ.

ಎಂಬತ್ತೊಂಬತ್ತರ ಬೇಸಿಗೆಯ ಕೊನೆ. ಶ್ರುತಪಂಚಮಿ ಹತ್ತಿರ ಬಂದಿತ್ತು. ಅಂದು ಜೈನರ ಮನೆಗಳಲ್ಲಿ ಶಾಸ್ತ್ರದ ಪುಸ್ತಕಗಳನ್ನು ಹೊರಗೆ ತೆಗೆದು, ಧೂಳು ಒರೆಸಿ, ಹೊಸ ಬಟ್ಟೆ ಸುತ್ತಿ ಪೂಜೆ ಮಾಡುತ್ತಾರೆ. ಆ ವಾರ ಅಂಗಡಿಯಲ್ಲಿ ಹಳದಿ ಬಟ್ಟೆಗೆ ಗಿರಾಕಿ ಜಾಸ್ತಿ, ನಾನೂ ಕೈಗೂಡಿಸುತ್ತಿದ್ದೆ. ಬೀಗರ ಮನೆಗೆಂದು ಚಿಕ್ಕೋಡಿಗೆ ಬಂದಿದ್ದ ಶೇಡಬಾಳದ ಭೀಮಗೊಂಡ ಎಂಬ ರೈತ ಬಟ್ಟೆ ಕೇಳುತ್ತ, "ದೊಡ್ಡ ಶಾಸ್ತ್ರಕ್ಕೆಲ್ಲಾ ಒಂದ ಅಳತಿ ಆತು. ಇನ್ನೊಂದ ಸಣ್ಣ ಶಾಸ್ತ್ರ ಐತ್ರಿ, ಅಂಗೈಯಷ್ಟದು. ಬಣ್ಣಬಣ್ಣದ ಹಾಳಿದು. ಅದಕ್ಕೂ ಒಂದ ತುಂಡ ಕೊಡ್ರಿ," ಎಂದ.

ನಮ್ಮವರ ಕೈಯಲ್ಲಿ ಗಜಪಟ್ಟಿ ಅಲ್ಲೇ ನಿಂತಿತು. "ಬಣ್ಣದ ಹಾಳಿ ಅಂದ್ರ? ಗುಲಾಬಿ, ಹಳದಿ, ನೀಲಿ?"

"ಹೌದ್ರಿ. ನಮ್ಮವ್ವಗ ಆಕಿ ಗೆಳತಿ ಕೊಟ್ಟದ್ದು. ಆಕಿ ತೀರಿಕೊಂಡಾಳ. ಅವ್ವ ಪಂಚಮಿಗೊಮ್ಮೆ ಅದಕ್ಕ ಆರತಿ ಎತ್ತತಾಳ."

ಅಂದು ಭೀಮಗೊಂಡನಿಗೆ ಹರಿದುಕೊಟ್ಟ ಬಟ್ಟೆ ವಕ್ರವಾಗಿತ್ತು. ಅವರ ಕೈಯಿಂದ ವಕ್ರವಾಗಿ ಹರಿದದ್ದನ್ನು ನಾನು ಅದೇ ಮೊದಲು ನೋಡಿದ್ದು.

ಪಂಚಮಿಯ ದಿನ ಅಂಗಡಿ ಮುಚ್ಚಿ ಶೇಡಬಾಳಕ್ಕೆ ಹೊರಟರು. ನಾನೂ ಬರುತ್ತೇನೆಂದು ಹಟ ಹಿಡಿದೆ. ರಾಯಬಾಗದವರೆಗೆ ಬಸ್ಸು, ಅಲ್ಲಿಂದ ಪ್ಯಾಸೆಂಜರು. ಅವರ ಮಡಿಲಲ್ಲಿ ಒಂದು ಗಂಟಿತ್ತು: ರೇಷ್ಮೆ ಬಟ್ಟೆಯ ಸುತ್ತುಗಳು ಮತ್ತು ಒಂದು ದೊಡ್ಡ ಹೊಸ ಗ್ರಂಥ. ಸಣ್ಣದಕ್ಕೆ ಬದಲಾಗಿ ದೊಡ್ಡದು ಕೊಟ್ಟರೆ ಮುದುಕಿ ಒಲ್ಲೆ ಅನ್ನಲಿಕ್ಕಿಲ್ಲ ಎಂಬ ವ್ಯಾಪಾರಿ ಲೆಕ್ಕ. ಚಿಂಚಲಿ ದಾಟಿತು, ಕುಡಚಿ ದಾಟಿತು, ಕೃಷ್ಣೆಯ ಸೇತುವೆಯೂ ದಾಟಿತು, ಮನುಷ್ಯ ನನ್ನ ಜೊತೆ ಒಂದು ಮಾತೂ ಆಡಲಿಲ್ಲ.

ಭೀಮಗೊಂಡನ ತಾಯಿ ರಾಜಮತಿ ಪಡಸಾಲೆಯಲ್ಲಿ ಕೂತಿದ್ದರು. ತೆಳ್ಳಗಿನ ಜೀವ, ಗಟ್ಟಿ ಧ್ವನಿ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮಣೆಯ ಮೇಲೆ ಶಾಸ್ತ್ರಗಳ ಸಾಲು, ಅದರ ತುದಿಗೆ ಆ ಪುಟ್ಟ ಪುಸ್ತಕ, ಮೇಲೆ ಅಕ್ಷತೆ. ಪುಟಗಳು ಕೂಡಿಕೊಂಡೇ ಇದ್ದವು. ನಮ್ಮವರ ಕಣ್ಣು ತುಂಬಿ ಬಂದದ್ದು ನನಗೆ ಕಂಡಿತು. ನನ್ನ ಮದುವೆಯ ದಿನವೂ ಆ ಕಣ್ಣು ಹಾಗೆ ತುಂಬಿರಲಿಲ್ಲ.

ಗಂಟು ಬಿಚ್ಚಿ ಅವರು ಮಾತು ತೆಗೆದರು. ರಾಜಮತಿ ಆಯಿ ಪೂರ್ತಿ ಕೇಳಿ ತಲೆ ಅಲ್ಲಾಡಿಸಿದರು. "ಶಾಸ್ತ್ರ ಅದಲುಬದಲು ಮಾಡಾಕ ಅದೇನ ಎತ್ತೇನೋ ತಮ್ಮಾ? ಅದರ ಬೆಲಿ ಏನಂತ ಚಂದ್ರಿ ಹಿಂದಿನ ಹಾಳಿ ಮ್ಯಾಲ ಅಚ್ಚ ಹಾಕಿಸ್ಯಾಳ. ನನಗ ಹೇಳಿದ್ಲು. ಓದು ನೋಡೂಣು."

ನಮ್ಮವರು ಹಿಂದಿನ ರಟ್ಟು ತಿರುಗಿಸಿ ಓದಿದರು. "ಬೆಲೆ: ಸ್ವಾಧ್ಯಾಯ. ಓದಿ ಮುಗಿಸಿದವರು ಇನ್ನೊಬ್ಬರಿಗೆ ಕೊಡಬೇಕು."

"ಸ್ವಾಧ್ಯಾಯ ಅಂದ್ರ ತಾನ ಕುಂತು ಓದೂದು. ನಿನಗ ಬೇಕಂದ್ರ ಬೆಲಿ ಕೊಡು. ಇಲ್ಲೇ ಕುಂಡ್ರು, ನನ್ನ ಮುಂದ ಓದು. ನನಗೂ ಕೇಳಬೇಕಾಗೇತಿ. ಈ ಮನ್ಯಾಗ ಎಲ್ಲಾರೂ ಮರಾಠಿ ಸಾಲಿ ಕಲತವರು."

ಓದಬೇಕೆಂದರೆ ಸೀಳಬೇಕು. ಅವರ ಮುಖದ ಬಣ್ಣ ಇಳಿಯಿತು. ಅಂಗಿಯ ಜೇಬಿನಲ್ಲಿ ಯಾವಾಗಲೂ ಇರುವ ಸಣ್ಣ ಕತ್ತರಿಯನ್ನು ತೆಗೆದರು, ಮತ್ತೆ ಒಳಗಿಟ್ಟರು. "ಕುಡಗೋಲ ತರ್ಲೇನ್ರಿ?" ಎಂದು ಭೀಮಗೊಂಡ ಉಪಕಾರ ಮಾಡಲು ಹೋದ. ನಾನು ಸೆರಗು ಬಾಯಿಗೆ ಒತ್ತಿಕೊಂಡು ನಗು ತಡೆದೆ. ಕೊನೆಗೆ ನಮ್ಮವರು ನನ್ನತ್ತ ನೋಡಿದರು. ಸೀಳಿರಿ ಎಂದು ನಾನು ಕಣ್ಣಲ್ಲೇ ಹೇಳಿದೆ.

ಮೊದಲ ಮಡಿಕೆ ಸೀಳಿ ಓದಿದರು.

"ಎಮ್ಮೆಯ ಕರು ಸತ್ತಿತು.
ಮರುದಿನ ನನ್ನ ಕೈ ಮೂಸಿ ಹಾಲಿಳಿಸಿತು."

ರಾಜಮತಿ ಆಯಿ ಮುಗಿದಿದ್ದ ಕೈಯನ್ನು ಕೆಳಗಿಳಿಸಿದರು. "ಎಮ್ಮಿ? ಶಾಸ್ತ್ರದಾಗ ಎಮ್ಮಿ ಎಲ್ಲಿಂದ ಬಂತು?"

"ಇದು ಶಾಸ್ತ್ರ ಅಲ್ರಿ ಆಯಿ. ಕವಿತಿ. ನಿಮ್ಮ ಗೆಳತಿ ಬರೆದದ್ದು."

ಆಯಿ ಬಾಯಿ ತೆರೆದು ಕೂತರು. ಆಮೇಲೆ ಬಂತು ನೋಡಿ ನಗು, ಮೈಯೆಲ್ಲ ಕುಲುಕಿಸಿದ ನಗು. "ಅಯ್ಯ ನನ ಚಂದ್ರಿ! ಇಷ್ಟ ವರ್ಷ ನನ್ನ ಕಡಿಂದ ಎಮ್ಮಿಗೆ ಆರತಿ ಎತ್ತಿಸಿದೀಯಲ್ಲ! ಶಾಸ್ತ್ರದಾನದಾಗ ಕೊಟ್ಟಾಳ, ಶಾಸ್ತ್ರ ಅಂತ ನಾ ನಂಬೇನಿ. ದೀಪ ಹಚ್ಚೇನಿ. ಮೈಲಿಗಿ ದಿನಾ ಮುಟ್ಟಿಲ್ಲ!" ಭೀಮಗೊಂಡನೂ ನಕ್ಕ, ನಾನೂ ನಕ್ಕೆ. ನಮ್ಮವರು ನಗಲಿಲ್ಲ. ಮುಂದಿನ ಸಾಲುಗಳ ಮೇಲೆ ಅವರ ಕಣ್ಣು ನಿಂತಿತ್ತು. ನಗು ಅಡಗಿದ ಮೇಲೆ ಮೆಲ್ಲಗೆ ಓದಿದರು.

"ಅದಕ್ಕೆ ಹೇಗೆ ಗೊತ್ತಾಯಿತು
ನನ್ನ ತೊಟ್ಟಿಲೂ ಖಾಲಿ ಎಂದು?"

ಆಯಿ ಸೆರಗಿನಿಂದ ಮುಖ ಒರೆಸಿಕೊಂಡರು. "ಆಕಿಗೊಂದ ಕೂಸ ಹುಟ್ಟಿ ಹೋಗಿತ್ತು," ಎಂದರು. "ಯಾರ ಮುಂದೂ ಅದರ ಮಾತ ಆಡಲಿಲ್ಲ. ಆಕಿಗೆ ಮಾತ ತಡೀತಿತ್ತು. ಒಂದ ಶಬ್ದ ಹೇಳೂದ್ರಾಗ ಕೇಳೂವವರು ಎದ್ದ ಹೋಗತಿದ್ರು. ಅದಕ್ಕ ಬರ್ಯಾಕ ಹಿಡದ್ಲು. ಓದು ತಮ್ಮಾ, ನಿಲ್ಲಸಬ್ಯಾಡ."

ಅವರು ಓದುತ್ತ ಹೋದರು. ಸೀಳುವುದು, ಓದುವುದು. ಅವರ ಧ್ವನಿ ಇಷ್ಟು ಚಂದ ಎಂದು ನನಗೆ ತಿಳಿದಿರಲಿಲ್ಲ; ಅದುವರೆಗೆ ಆ ಧ್ವನಿಯಲ್ಲಿ ಸೀರೆಯ ದರವನ್ನಷ್ಟೇ ಕೇಳಿದ್ದೆ. ಒಲೆಯ ಮೇಲೆ, ಕಬ್ಬಿನ ಗದ್ದೆಯ ಬದುವಿನ ಮೇಲೆ, ಅತ್ತೆಯ ಊರುಗೋಲಿನ ಮೇಲೆ ಕವಿತೆ ಇರಬಹುದು ಎಂದು ಅಂದು ಗೊತ್ತಾಯಿತು. ನನ್ನ ಆಸೆ ಹೀಗೆ ಯಾರದೋ ಮನೆಯ ಪಡಸಾಲೆಯಲ್ಲಿ ತೀರಿತು. ನಾನು ಆಯಿಯ ಪಕ್ಕಕ್ಕೆ ಸರಿದು ಕೂತು ಕೇಳಿದೆ. ಅಷ್ಟು ಸುಖದ ಮಧ್ಯಾಹ್ನ ನನ್ನ ಸಂಸಾರದಲ್ಲಿ ಅದಕ್ಕೂ ಮೊದಲು ಬಂದಿರಲಿಲ್ಲ.

ಬಿಸಿಲು ಇಳಿಯಿತು. ನಮ್ಮವರು ಒಮ್ಮೆಲೇ ಓದು ನಿಲ್ಲಿಸಿದರು.

"ಮುಗೀತೇನು?"

"ಇನ್ನೊಂದ ಮಡಿಕಿ ಉಳದೈತ್ರಿ ಆಯಿ." ಪರ್ವದ ದಿನ ಸುಳ್ಳಾಡುವವರಲ್ಲ ಅವರು. ಆದರೆ ಕತ್ತರಿ ಜೇಬು ಸೇರಿತ್ತು.

"ನಿಮ್ಮ ರೈಲಿನ ಹೊತ್ತಾತು. ಮನಿಗೆ ಹೋಗಿ ಓದಿ ಮುಗಸು. ಮುಗಸಿದ ದಿನ ಇನ್ನೊಬ್ಬರಿಗೆ ಕೊಡು. ಮತ್ತ ಆ ಕಡೀದು ಏನಂತ ನನಗ ಬಂದು ಹೇಳು," ಎಂದು ಆಯಿ ಪುಸ್ತಕವನ್ನು ಅವರ ಕೈಗಿಟ್ಟರು. ಎರಡನೆಯ ಮಾತಿಲ್ಲ, ಅನುಮಾನವಿಲ್ಲ. ಗ್ರಂಥವನ್ನೂ ರೇಷ್ಮೆ ಬಟ್ಟೆಯನ್ನೂ ಅಲ್ಲೇ ಬಿಟ್ಟು ಬಂದೆವು.

ಮನೆಗೆ ಬಂದವರೇ ಪುಸ್ತಕಕ್ಕೆ ಬಟ್ಟೆ ಸುತ್ತಿ ಖಾಲಿ ಇದ್ದ ಜಾಗದಲ್ಲಿ ಇಟ್ಟರು. ಸಾಲು ತುಂಬಿತು. ಮರುದಿನ ಕೊನೆಯ ಮಡಿಕೆಯನ್ನು ಸೀಳಲಿಲ್ಲ. ಅದರ ಮರುದಿನವೂ ಇಲ್ಲ. ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು. ಕೇಳಿದರೆ ಅದೇ "ನೋಡೂಣು". ನನಗೆ ಅರ್ಥವಾಗಲು ಬಹಳ ಹೊತ್ತು ಬೇಕಾಗಲಿಲ್ಲ. ಮುಗಿಸಿದರೆ ಇನ್ನೊಬ್ಬರಿಗೆ ಕೊಡಬೇಕು. ಮುಗಿಸದಿದ್ದರೆ ಇಟ್ಟುಕೊಳ್ಳಬಹುದು.

ನಾನು ಬೇರೆ ಕೆಲಸ ಹಿಡಿದೆ. ಆ ಎಮ್ಮೆಯ ಸಾಲುಗಳು ನನ್ನ ತಲೆಯಿಂದ ಹೋಗಲೊಲ್ಲವು. ಅಕ್ಷರದಲ್ಲಿ ಹೇಗೆ ಕಾಣುತ್ತವೋ ನೋಡಬೇಕೆನ್ನಿಸಿತು. ನಮ್ಮ ಗಡಿಯ ಬಸ್ಸುಗಳ ಬೋರ್ಡಿನ ಮೇಲೆ ಊರ ಹೆಸರು ಎರಡು ಲಿಪಿಯಲ್ಲಿ ಬರೆದಿರುತ್ತದೆ, ಮೇಲೆ ಕನ್ನಡ, ಕೆಳಗೆ ಮರಾಠಿ. ಕೆಳಗಿನದನ್ನು ಓದಿ ಮೇಲಿನದನ್ನು ಹಿಡಿಯುವುದು. ನಿಪ್ಪಾಣಿಯಿಂದ 'ನ' ಬಂತು, ಕಾಗವಾಡದಿಂದ 'ಕ' ಬಂತು, ಚಿಕ್ಕೋಡಿಯ ಒತ್ತಕ್ಷರಕ್ಕೆ ಬಹಳ ದಿನ ಬೇಕಾಯಿತು. ಸಂತೆಗೆ ಹೋದಾಗಲೆಲ್ಲ ಬಸ್ ಸ್ಟ್ಯಾಂಡಿನಲ್ಲಿ ಕೊಂಚ ನಿಂತು ಬರುತ್ತಿದ್ದೆ. ಯಾರಿಗೂ ಹೇಳಿರಲಿಲ್ಲ, ಮುಖ್ಯವಾಗಿ ಮನೆಯವರಿಗೆ.

ಮುಂದಿನ ಬೇಸಿಗೆಯಲ್ಲಿ ಅಂಗಡಿಗೆ ಮತ್ತೆ ಹಳದಿ ಬಟ್ಟೆ ಬಂತು. ಅದನ್ನು ಕಂಡು ನನ್ನ ಪಿತ್ತ ನೆತ್ತಿಗೇರಿತು. ಗಿರಾಕಿ ಇಲ್ಲದ ಹೊತ್ತು ನೋಡಿ ಕೇಳಿದೆ. "ಅಲ್ರೀ, ಒಬ್ಬಾಕಿ ಅರ್ಧಾ ರೊಕ್ಕಾ ಕೊಟ್ಟು ಪೂರಾ ಸೀರಿ ಉಟಗೊಂಡ ಹೋದ್ರ ಏನಂತೀರಿ?"

"ಯಾರ ಹೋಗ್ಯಾರ?"

"ನೀವ. ಆಯಿ ನಿಮ್ಮನ್ನ ನಂಬಿ ಕೊಟ್ಟಾಳ. ಬೆಲಿ ಪೂರಾ ಕೊಟ್ಟಿಲ್ಲ ನೀವು. ಕಡೀದು ಏನಂತ ಬಂದು ಹೇಳು ಅಂದಿದ್ಲು. ಅಲ್ಲಿ ಆಕಿ ದಾರಿ ಕಾಯಾಕತ್ತಾಳ, ಇಲ್ಲಿ ನೀವು ಅರಿವಿ ಸುತ್ತಿ ಇಟ್ಟೀರಿ."

ಅಂದು ರಾತ್ರಿ ಅವರು ಊಟಕ್ಕೆ ಎರಡನೆಯ ರೊಟ್ಟಿ ಬೇಡವೆಂದರು. ಹೆಚ್ಚು ಆಡಿದೆನೇನೋ ಎಂದು ನನಗೂ ಅನ್ನಿಸುತ್ತಿತ್ತು, ಆದರೆ ಮಾತು ಹಿಂದೆ ತೆಗೆದುಕೊಳ್ಳಲು ಮನಸ್ಸಾಗಲಿಲ್ಲ. ಪಂಚಮಿಯ ದಿನ ಬೆಳಿಗ್ಗೆ ನೋಡಿದರೆ ಅವರು ಸ್ನಾನ ಮುಗಿಸಿ, ಪುಸ್ತಕದ ಗಂಟು ಹಿಡಿದು ಹೊಸ್ತಿಲಲ್ಲಿ ನಿಂತಿದ್ದಾರೆ. "ನಡಿ. ರಾಯಬಾಗದ ಬಸ್ಸ ತಪ್ಪತೈತಿ," ಎಂದರು.

ರಾಜಮತಿ ಆಯಿ ಪಡಸಾಲೆಯಲ್ಲಿ ಬಿತ್ತನೆಯ ಶೇಂಗಾ ಆರಿಸುತ್ತಿದ್ದರು. "ಬಂದ್ರೇನು? ಬರ್ರಿ ಬರ್ರಿ," ಎಂದರು. ಯಾಕೆ ತಡವಾಯಿತು ಎಂದು ಕೇಳಲಿಲ್ಲ. ಕೇಳಿದ್ದರೆ ನಮ್ಮವರಿಗೆ ಸುಲಭವಾಗುತ್ತಿತ್ತೇನೋ. ಅವರು ಚಾಪೆಯ ಮೇಲೆ ಕೂತು ಕತ್ತರಿ ತೆಗೆದು ಕೊನೆಯ ಮಡಿಕೆಯನ್ನು ಸೀಳಿದರು. ಗುಲಾಬಿ ಬಣ್ಣದ ಹಾಳೆ. ಪುಸ್ತಕವನ್ನು ನನ್ನತ್ತ ಚಾಚಿದರು.

"ನೀ ಓದು."

"ನನಗೆಲ್ಲಿ ಬರ್ತೈತ್ರಿ?" ಎಂದೆ ಗಾಬರಿಯಿಂದ.

"ಬಸ್ ಸ್ಟ್ಯಾಂಡಿನ್ಯಾಗ ನಿಂತು ಬೋರ್ಡ ಓದೂದು ಅಂಗಡಿಂದ ನನಗ ಕಾಣೂದಿಲ್ಲೇನು?" ಎಂದರು ಅವರು. "ವರ್ಷಾತು, ನೋಡಾಕತ್ತೇನಿ."

ಪುಸ್ತಕ ತೆಗೆದುಕೊಂಡೆ. ಬಸ್ಸಿನ ಬೋರ್ಡಿನ ಹಾಗೆ ಅಲ್ಲಿ ಕೆಳಗೆ ಮರಾಠಿ ಇರಲಿಲ್ಲ. ಒಂದೊಂದೇ ಅಕ್ಷರ ಹಿಡಿದು, ಹಿಂದಿನದನ್ನು ಮುಂದಿನದಕ್ಕೆ ಕೂಡಿಸಿ, ಬೆವರು ಒರೆಸಿಕೊಳ್ಳುತ್ತ ಓದಿದೆ. "ಮಾ... ಮಾತು... ನ... ನನ್ನ... ಬಾ... ಬಾಯಲ್ಲಿ..." ಒಂದು ಒತ್ತಕ್ಷರಕ್ಕೆ ಬಂದು ನಿಂತೇಬಿಟ್ಟೆ. ನಮ್ಮವರು ಬಗ್ಗಿ ಹೇಳಿಕೊಡಲು ಬಂದರು. ರಾಜಮತಿ ಆಯಿ ಅವರ ಮೊಣಕೈ ಹಿಡಿದು ತಡೆದರು.

"ನೀ ಸುಮ್ಮನಿರು ತಮ್ಮಾ. ಆಕಿಗೆ ಹೇಳಾಕ ಬಿಡು."

ನಾನು ಮತ್ತೆ ಹಿಡಿದೆ. ಬಹಳ ಹೊತ್ತಿನ ಮೇಲೆ ಪೂರ್ತಿ ಹೊರಗೆ ಬಂತು.

"ಮಾತು ನನ್ನ ಬಾಯಲ್ಲಿ ಕೃಷ್ಣೆಯ ದೋಣಿ,
ಈ ದಂಡೆಯಲ್ಲೇ ನಿಂತು ನಿಂತು
ಎಷ್ಟೋ ಹೊತ್ತಿಗೆ ಆಚೆ ಮುಟ್ಟುವುದು.
ಆಚೆ ಕಾಯುವವಳು ಒಬ್ಬಳಿದ್ದಳು,
ಅದಕ್ಕೇ ಮಾತಾಡಿದೆ."

ತಲೆ ಎತ್ತಿ ನೋಡಿದೆ. ಆಯಿ ಕಣ್ಣು ಮುಚ್ಚಿ ಕೂತಿದ್ದರು, ಮುಚ್ಚಿದ ಕಣ್ಣಿಂದ ನೀರು ಇಳಿಯುತ್ತಿತ್ತು. ಶೇಂಗಾದ ಮೊರ ಮಡಿಲಿಂದ ಜಾರಿದ್ದು ಅವರಿಗೆ ಗೊತ್ತಾಗಿರಲಿಲ್ಲ.

"ಹಿಂಗ ಮಾತಾಡತಿದ್ಲು," ಎಂದರು. "ಹಿಂಗ ತಡದು ತಡದು. ನಾ ಕುಂತ ಕೇಳತಿದ್ನಿ, ನನಗೇನ ಅವಸರ ಇತ್ತು?" ಆಮೇಲೆ ನಮ್ಮವರ ಕಡೆ ತಿರುಗಿದರು. "ಹ್ವಾದ ವರ್ಷ ನೀ ಭಾಳ ಚಂದ ಓದಿದಿ ತಮ್ಮಾ. ಆದರ ಚಂದ್ರಿ ಇವತ್ತ ಬಂದ್ಲು."

ಆಯಿ ನನ್ನ ಕೈಯನ್ನು ಹಿಡಿದುಕೊಂಡರು. ಅವರ ಕೈಗೆ ಶೇಂಗಾದ ಮಣ್ಣು ಮೆತ್ತಿತ್ತು. ನಾನೂ ಅತ್ತೆ.

ನಮ್ಮವರು ಪುಸ್ತಕವನ್ನು ನನ್ನಿಂದ ತೆಗೆದುಕೊಂಡರು. ಒಮ್ಮೆ ಬೆರಳಾಡಿಸಿದರು, ಮೂಸಲಿಲ್ಲ. ಆಯಿಯ ಮಡಿಲಲ್ಲಿ ಇಟ್ಟರು. "ಓದಿ ಮುಗಸಿದವರು ಇನ್ನೊಬ್ಬರಿಗೆ ಕೊಡಬೇಕಲ್ರಿ. ನಿಮಗ ಕೊಟ್ಟೆ ಆಯಿ."

"ನನಗ ಎಲ್ಲಿ ಓದಾಕ ಬರ್ತೈತೋ? ಬೆಲಿ ಹೆಂಗ ಕೊಡ್ಲಿ?"

"ಈಕಿನ್ನ ಕಳಸತೇನಿ. ಅಮಾಸಿಗೊಮ್ಮೆ ಬರ್ತಾಳ, ಓದತಾಳ. ಸಾವಕಾಶ ಮುಗೀಲಿ."

ಆಯಿ ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಮಣೆಯ ಮೇಲೆ ಶಾಸ್ತ್ರಗಳ ಸಾಲಿನಲ್ಲೇ ಇಟ್ಟರು. ಭೀಮಗೊಂಡ, "ಅವ್ವಾ, ಅದು ಎಮ್ಮೀದು," ಎಂದ. "ಇರ್ಲಿ ಬಿಡೋ," ಎಂದು ಅದಕ್ಕೂ ಆರತಿ ಎತ್ತಿದರು.

ತಿರುಗಿ ಬರುವಾಗ ರೈಲಿನಲ್ಲಿ ಕಿಟಕಿಯ ಕಡೆ ನನ್ನನ್ನು ಕೂರಿಸಿ, ಸ್ಟೇಷನ್ ಬಂದಾಗಲೆಲ್ಲ ಬೋರ್ಡು ತೋರಿಸಿ ಓದಿಸಿದರು. ಮನೆಗೆ ಬಂದು ಕಾಲು ತೊಳೆದು ತಿಜೋರಿ ತೆರೆದರು. ಸಾಲಿನಲ್ಲಿ ಮತ್ತೆ ಒಂದು ಜಾಗ ಖಾಲಿಯಾಗಿತ್ತು. ಅದನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತರು. ನನಗೆ ಅವರ ಬೆನ್ನು ನೋಡಿಯೇ ಸಂಕಟವಾಯಿತು. ಆಮೇಲೆ ಪಕ್ಕದ ಪುಸ್ತಕವನ್ನು ತೆಗೆದು, ಬಟ್ಟೆ ಬಿಚ್ಚಿ, ಚಾಪೆ ಹಾಸಿ ಕೂತರು. ಜೇಬಿನ ಕತ್ತರಿಯನ್ನು ನನ್ನ ಕೈಗೆ ಕೊಟ್ಟರು.

"ನೀ ಸೀಳು. ಮದಲ ನೀ ಓದು. ನನಗ ಅವಸರ ಇಲ್ಲ," ಎಂದರು.